ಹಳೆ ಟಿಪ್‌ಗಳ ಡಬ್ಬಿ

(ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದ ಮೂರನೇ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೊದಲು ಈ ಹಳೆ ಟಿಪ್ಪನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಜೊತೆಗೊಂದು ಭೂತಗನ್ನಡಿ ಇದೆ, ಅದೂ ಹೋಗಲಿ. ಕೈಗೆ ಬಂದಾಗ ಅವಸರ ಮಾಡಬೇಡಿ. ಮೇಲೆ ಎರಡು ಮೂಲೆ, ತಿರುವಿದರೆ ಇನ್ನೆರಡು. ನಾಲ್ಕನ್ನೂ ನೋಡಿ. ಏನು ಕಂಡಿತು ಅಂತ ಆಮೇಲೆ ಕೇಳುತ್ತೇನೆ.

ಕ್ಯಾಟಲಾಗಿನಲ್ಲಿ ಇದರ ಹೆಸರು ಇನ್ಸರ್ಟ್. ಶಾಪ್‌ಗಳಲ್ಲಿ ಎಲ್ಲರೂ ಕರೆಯುವುದು ಟಿಪ್ ಎಂದೇ. ನಾನು ಒಂದು ವರ್ಷ ಮಾರಿದ್ದು ಇದನ್ನು. ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಕೋಬಾಲ್ಟ್ ಜೊತೆ ಒತ್ತಿ, ಸುಟ್ಟು, ಮೇಲೆ ಕೋಟಿಂಗ್ ಕೊಟ್ಟ ಸಣ್ಣದೊಂದು ತುಂಡು. ಲೇತಿನ ಟೂಲ್ ತುದಿಯಲ್ಲಿ ಕೂತು ಲೋಹ ಕತ್ತರಿಸುವುದು ಇದೇ, ಒಂದು ಮೂಲೆ ಸವೆದರೆ ತಿರುಗಿಸಿ ಇನ್ನೊಂದು. ಅಂಗೈಯಲ್ಲಿಟ್ಟರೆ ಗಾತ್ರಕ್ಕಿಂತ ಭಾರ ಅನಿಸುತ್ತದೆ.

ನಮ್ಮದು ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯ ಕೋರ್ಸು. ನಮ್ಮ ರಾಜ್ಯದಲ್ಲಿ ಸರ್ಕಾರದ ಟೂಲ್‌ರೂಮ್ ತರಬೇತಿ ಕೇಂದ್ರ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾಯಿತು. ಓದನ್ನೂ ಕೆಲಸವನ್ನೂ ಹೀಗೆ ಹೆಣೆಯುವ ಯೋಚನೆ ಇನ್ನೂ ಹಳೆಯದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಎಂಜಿನಿಯರಿಂಗ್ ಮೇಷ್ಟ್ರು 1906ರಲ್ಲೇ ವಿದ್ಯಾರ್ಥಿಗಳನ್ನು ಸರದಿಯ ಮೇಲೆ ಕ್ಲಾಸಿಗೂ ಕಾರ್ಖಾನೆಗೂ ಕಳಿಸಲು ಶುರು ಮಾಡಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ಬಹಳ ಜನ ಆ ನಾಲ್ಕನೇ ವರ್ಷವನ್ನು ಸರ್ಟಿಫಿಕೇಟಿಗೆ ಮೊದಲು ಕಳೆಯಬೇಕಾದ ದಿನಗಳು ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ.

ಪಟ್ಟಿ ಬಂದಾಗ ಗೆಳತಿಯರಿಗೆ ಡಿಸೈನ್, ಟೂಲ್‌ರೂಮ್, ಕ್ವಾಲಿಟಿ ಸಿಕ್ಕಿತ್ತು. ನನ್ನ ಹೆಸರಿನ ಮುಂದೆ ‘ಟೆಕ್ನಿಕಲ್ ಸೇಲ್ಸ್, ಹುಬ್ಬಳ್ಳಿ’ ಎಂದಿತ್ತು. ನಮ್ಮೂರು ತುಮಕೂರಿನ ಕಡೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಮೂರು ವರ್ಷ ಗ್ರೈಂಡಿಂಗ್, ಮಿಲ್ಲಿಂಗ್ ಅಂತ ಕಲ್ತಿದ್ದು ಬ್ಯಾಗ್ ತಗುಲಿಸ್ಕೊಂಡು ಅಂಗಡಿ ಅಂಗಡಿ ಸುತ್ತೋಕಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. 2024ರ ಜುಲೈನಲ್ಲಿ ಹೋದೆ, ಮರುವರ್ಷದ ಜೂನ್‌ವರೆಗೆ ಇದ್ದೆ.

ಮೊದಲ ತಿಂಗಳು ಬರೀ ಕ್ಯಾಟಲಾಗ್. ಸಿಎನ್‌ಎಂಜಿ 120408 ಅಂದರೆ ಏನು? ಸಿ ಅಂದರೆ 80 ಡಿಗ್ರಿ ಮೂಲೆಯ ಡೈಮಂಡ್ ಆಕಾರ. ಎನ್ ಅಂದರೆ ಕ್ಲಿಯರೆನ್ಸ್, ಅಂದರೆ ಪಕ್ಕದ ಇಳಿಜಾರು, ಸೊನ್ನೆ, ಹಾಗಾಗಿ ಎರಡೂ ಮಗ್ಗುಲು ಬಳಸಬಹುದು. ಎಂ ಟಾಲರೆನ್ಸ್, ಅಳತೆಯಲ್ಲಿ ಒಪ್ಪುವ ಹೆಚ್ಚುಕಮ್ಮಿ. ಜಿ ಅಂದರೆ ನಡುವೆ ತೂತು, ಎರಡೂ ಕಡೆ ಚಿಪ್‌ಬ್ರೇಕರ್, ಅಂದರೆ ಕತ್ತರಿಸಿದ ಲೋಹದ ಸುರುಳಿಯನ್ನು (ಚಿಪ್) ಮುರಿಯುವ ತೋಡು. 12 ಅಂಚಿನ ಉದ್ದ, 04 ದಪ್ಪ, 08 ಅಂದರೆ ಮೂಗಿನ ರೇಡಿಯಸ್ 0.8 ಮಿಲಿಮೀಟರ್. ಕೊನೆಯ ಜಿ ಹೋಗಿ ಎ ಬಂದರೆ ಚಿಪ್‌ಬ್ರೇಕರ್ ಇಲ್ಲದ ಚಪ್ಪಟೆ ಟಿಪ್, ಬೀಡುಕಬ್ಬಿಣಕ್ಕೆ ಹೆಚ್ಚು ಓಡುವುದು ಅದು. ನಿಮ್ಮ ಕೈಯಲ್ಲಿ ಈಗ ದಾಟುತ್ತಿರುವುದೂ ಅದೇ. ಇನ್ನು ಯಾವ ಲೋಹಕ್ಕೆ ಅಂತ ಕ್ಯಾಟಲಾಗ್ ತೋರಿಸುವ ಬಣ್ಣ: ಸ್ಟೀಲಿಗೆ ನೀಲಿ, ಸ್ಟೇನ್‌ಲೆಸ್‌ಗೆ ಹಳದಿ, ಬೀಡಿಗೆ ಕೆಂಪು. ಎಲ್ಲವನ್ನೂ ಬಾಯಿಪಾಠ ಮಾಡಿದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಸೇಲ್ಸ್ ಅಂದರೆ ಇದನ್ನು ಎದುರಿಗಿರುವವರಿಗೆ ಚೆನ್ನಾಗಿ ಹೇಳುವುದು ಅಂತ ತಿಳಿದಿದ್ದೆ.

ಎರಡನೇ ತಿಂಗಳಲ್ಲಿ ಗೋಕುಲ ರೋಡಿನ ಒಂದು ಶಾಪಿಗೆ ಒಬ್ಬಳೇ ಹೋದೆ. ಕಂಪ್ಯೂಟರ್ ನಡೆಸುವ ಮೂರು ಸಿಎನ್‌ಸಿ ಲೇತ್ ಇಟ್ಟುಕೊಂಡು ಜಾಬ್‌ವರ್ಕ್, ಅಂದರೆ ಬೇರೆಯವರ ಬಿಡಿಭಾಗಗಳನ್ನು ಕೂಲಿಗೆ ಮಾಡಿಕೊಡುವವರು. ರಾತ್ರಿಯೆಲ್ಲ ಕೂತು ಲೆಕ್ಕ ಮಾಡಿಕೊಂಡು ಹೋಗಿದ್ದೆ. ಆ ಲೆಕ್ಕವನ್ನು ನಿಮಗೂ ಹೇಳುತ್ತೇನೆ, ಬರೆದುಕೊಳ್ಳಿ. ಅವರು ಬಳಸುತ್ತಿದ್ದ ಟಿಪ್ 320 ರೂಪಾಯಿ, ನಾಲ್ಕು ಮೂಲೆ, ಮೂಲೆಗೆ 80. ಒಂದು ಮೂಲೆಯಲ್ಲಿ 40 ಜಾಬ್ (ಬಿಡಿಭಾಗ), ಅಂದರೆ ಜಾಬಿಗೆ 2 ರೂಪಾಯಿ. ನಮ್ಮದು 480 ರೂಪಾಯಿ, ಮೂಲೆಗೆ 120, ಅದೂ 40 ಜಾಬ್ ಅಂತ ಹಿಡಿದರೆ ಜಾಬಿಗೆ 3 ರೂಪಾಯಿ. ಒಂದು ರೂಪಾಯಿ ಜಾಸ್ತಿ. ಆದರೆ ನಮ್ಮದರಲ್ಲಿ ಸ್ಪೀಡ್ ಏರಿಸಬಹುದು, ಒಂದು ಜಾಬಿಗೆ ಹಿಡಿಯುವ ಮೂರು ನಿಮಿಷ ಎರಡೂವರೆಗೆ ಇಳಿಯುತ್ತದೆ. ಮಷೀನಿನ ರೇಟು ಗಂಟೆಗೆ 480 ಅಂದರೆ ನಿಮಿಷಕ್ಕೆ 8. ಹಳೆಯದರಲ್ಲಿ 24 ಪ್ಲಸ್ 2, 26 ರೂಪಾಯಿ. ನಮ್ಮದರಲ್ಲಿ 20 ಪ್ಲಸ್ 3, 23 ರೂಪಾಯಿ. ತಿಂಗಳಿಗೆ ಐದು ಸಾವಿರ ಜಾಬ್ ಆದರೆ 15,000 ರೂಪಾಯಿ ಉಳಿತಾಯ.

ಮಾಲೀಕರು ಪೂರ್ತಿ ಕೇಳಿಸಿಕೊಂಡರು. ಚಹಾ ತರಿಸಿದರು. ಆಮೇಲೆ ಹೇಳಿದರು: “ಮೇಡಂ, ನಿಮ್ಮ ಲೆಕ್ಕ ಖರೇ ಐತಿ. ಆದ್ರ ನನಗ ಆರ್ಡರ್ ಇರೂದ ಇಷ್ಟ. ಮುಂಜಾನೆ ಒಂಬತ್ತಕ್ಕ ಚಾಲೂ ಆದ ಮಷೀನ್ ಮಧ್ಯಾಹ್ನ ಮೂರಕ್ಕ ಬಂದ್ ಆಕ್ಕೈತಿ. ನಿಮ್ಮ ಟಿಪ್ ಹಾಕಿದ್ರ ಎರಡಕ್ಕ ಬಂದ್ ಆಕ್ಕೈತಿ. ಆ ಒಂದ್ ತಾಸಿಗೆ ನನಗ ರೊಕ್ಕ ಯಾರ್ ಕೊಡ್ತಾರ?”

ಯೋಚನೆ ಮಾಡಿ. ಮಷೀನಿನ ಕಂತು ಕಡಿಮೆಯಾಗುವುದಿಲ್ಲ, ಆಪರೇಟರ್ ಸಂಬಳ ಕಡಿಮೆಯಾಗುವುದಿಲ್ಲ. ದಿನಕ್ಕೆ 120 ಜಾಬ್, ಜಾಬಿಗೆ ಒಂದು ರೂಪಾಯಿ ಜಾಸ್ತಿ. ನನ್ನ ಟಿಪ್ ತಗೊಂಡರೆ ಅವರಿಗೆ ದಿನಕ್ಕೆ 120 ರೂಪಾಯಿ ನಷ್ಟ! ಕಾಗದದ ಮೇಲೆ ಒಂದಂಕಿಯೂ ತಪ್ಪಿರಲಿಲ್ಲ. ಕೆಲಸ ತುಂಬಿ ತುಳುಕುವ ಮಷೀನಿಗೆ ಮಾತ್ರ ಆ ಲೆಕ್ಕ ನಿಜ. “ನಿಮ್ಮ ಮಷೀನು ದಿನಕ್ಕೆ ಎಷ್ಟು ತಾಸು ಓಡುತ್ತದೆ?” ಎಂಬ ಒಂದೇ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಅವತ್ತು ವಾಪಸ್ ಬರುವಾಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಪ್ರಶ್ನೆ ಬರೆದೆ. ವರ್ಷ ಮುಗಿಯುವಷ್ಟರಲ್ಲಿ ಆ ಪುಟದಲ್ಲಿ ಹದಿನೇಳು ಪ್ರಶ್ನೆ ಸೇರಿದ್ದವು.

ಈಗ ಟಿಪ್ ಎಲ್ಲಿಗೆ ಬಂತು? ನಾಲ್ಕನೇ ಸಾಲು. ಸರಿ, ಅದರ ಕತೆಗೆ ಬರೋಣ.

ಬೆಳಗಾವಿಯ ಉದ್ಯಮಬಾಗ ಕೇಳಿರುತ್ತೀರಿ. ಬೆಳಗಾವಿ ಅಂದರೆ ನಮಗೆ ಕುಂದಾ ನೆನಪಾಗುತ್ತದೆ, ಆದರೆ ನಮ್ಮ ಕಸುಬಿನವರಿಗೆ ಅದು ಫೌಂಡ್ರಿಗಳ ಊರು. ಎರಕ ಹೊಯ್ಯುವವರು, ಅದನ್ನು ಮಷೀನಿಂಗ್ ಮಾಡುವವರು, ಪ್ಯಾಟರ್ನ್ ಮಾಡುವವರು ಎಲ್ಲ ಅಕ್ಕಪಕ್ಕದಲ್ಲೇ. ಹುಬ್ಬಳ್ಳಿಯಿಂದ ಬೆಳಿಗ್ಗೆ ಬಸ್ ಹತ್ತಿದರೆ ಊಟದ ಹೊತ್ತಿಗೆ ಮೂರು ಶಾಪ್ ನೋಡಬಹುದು. ಅಲ್ಲಿ ಒಂದು ಶಾಪಿನಲ್ಲಿ ಬೀಡಿನ ಫ್ಲ್ಯಾಂಜ್ (ಪೈಪ್ ಜೋಡಿಸುವ ಬಿಲ್ಲೆ) ಫೇಸಿಂಗ್, ಅಂದರೆ ಅದರ ಮುಖ ಸಮ ಮಾಡುವ ಕೆಲಸಕ್ಕೆ ನಮ್ಮ ಟಿಪ್ ಟ್ರಯಲ್ ಕೊಟ್ಟೆ. ಗಟ್ಟಿ ಗ್ರೇಡ್, ಜಾಸ್ತಿ ಸ್ಪೀಡ್, ಕಟ್‌ನ ಆಳ ಎರಡು ಮಿಲಿಮೀಟರ್. ಹತ್ತು ಜಾಬ್ ಓಡಿಸಿದೆವು. ಅಂಚು ಹೊಸದರ ಹಾಗೇ ಇತ್ತು. ಸವೆತ ಅಳೆದು, ಮೂಲೆಗೆ 60 ಜಾಬ್ ಬರುತ್ತದೆ ಅಂತ ಟ್ರಯಲ್ ರಿಪೋರ್ಟಿನಲ್ಲಿ ಬರೆದು ಸಹಿ ಹಾಕಿದೆ. ಆರ್ಡರ್ ಬಂತು. ನನ್ನ ಮೊದಲ ಆರ್ಡರ್, ಐದು ಬಾಕ್ಸ್, ಐವತ್ತು ಟಿಪ್. ಅವತ್ತು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ವಾರದ ಮೇಲೆ ಅಲ್ಲಿನ ಪರ್ಚೇಸ್‌ನವರಿಂದ ಫೋನ್. ಕೆಲವು ಮೂಲೆ ಹದಿನೈದಕ್ಕೇ ಒಡೆಯುತ್ತಿವೆ, ಮಾಲು ಕಳಪೆ, ಬಿಲ್ ಪಾಸ್ ಮಾಡುವುದಿಲ್ಲ ಅಂದರು. ನಮ್ಮ ಸೀನಿಯರ್ ಹೇಳಿದ್ದು: ಎರಡು ಬಾಕ್ಸ್ ಬದಲಿ ಕೊಡು, ಐದು ಪರ್ಸೆಂಟ್ ಬಿಡು, ಕಸ್ಟಮರ್ ಉಳಿಸ್ಕೋ. ಬಹಳ ಕಡೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ ಬದಲಿ ಕೊಟ್ಟ ಟಿಪ್ ಕೂಡ ಅದೇ ಮಷೀನಿಗೆ ಹೋಗುವುದಲ್ಲವೇ? ನಾನು ಬೆಳಗಾವಿಗೆ ಹೋದೆ.

ಮಷೀನಿನ ಮೇಲೆ ಐವತ್ತು ದಾಟಿದ ಒಬ್ಬ ಆಪರೇಟರ್ ಇದ್ದರು. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅರ್ಧ ಮರಾಠಿ, ಅರ್ಧ ಕನ್ನಡ. ಟ್ರಯಲ್ ದಿನ ಅವರು ಅಲ್ಲೇ ಇದ್ದರು, ಆದರೆ ನಾನು ಮಾತಾಡಿದ್ದೆಲ್ಲ ಸೂಪರ್‌ವೈಸರ್ ಜೊತೆ. ಈ ಸಲ ಕೈಯಲ್ಲಿ ಒಡೆದ ಟಿಪ್ ಹಿಡಿದು ಸ್ಪೀಡ್ ಎಷ್ಟು, ಫೀಡ್ (ಟೂಲ್ ಸರಿಯುವ ವೇಗ) ಎಷ್ಟು ಅಂತ ಸ್ಕ್ರೀನ್ ಕಡೆ ನೋಡುತ್ತಿದ್ದೆ. ಕಾಕಾ ಹೇಳಿದರು: “ತಂಗಿ, ನೋಡಬ್ಯಾಡ. ಕಣ್ಣ ಮುಚ್ಚು. ಕೇಳು.”

ಕಣ್ಣು ಮುಚ್ಚಿ ನಿಂತೆ. ಬೀಡು ಕತ್ತರಿಸುವಾಗ ಒಂದು ಸರಸರ ಸದ್ದು ಇರುತ್ತದೆ, ಒಣ ಮರಳು ಜರಡಿ ಹಿಡಿದ ಹಾಗೆ. ಒಂದು ಜಾಬ್ ಹಾಗೇ ಹೋಯಿತು. ಎರಡನೆಯದೂ. ಮೂರನೆಯ ಜಾಬಿಗೆ ಟೂಲ್ ಹೊರ ಅಂಚಿಗೆ ತಾಗುತ್ತಿದ್ದ ಹಾಗೇ ‘ಟಕ್’ ಅಂತು, ಆಮೇಲೆ ಸರಸರ. ನಾಲ್ಕು ಸರಿ, ಐದನೆಯದಕ್ಕೆ ಮತ್ತೆ ‘ಟಕ್’. ಕಾಕಾ ಮಷೀನ್ ನಿಲ್ಲಿಸಿ ಒಂದು ಹಳೆಯ ಫೈಲ್ (ಉಜ್ಜುವ ಅರ) ತಂದು, ಸರಿಯಿದ್ದ ಕಾಸ್ಟಿಂಗಿನ (ಎರಕದ ತುಂಡಿನ) ಅಂಚಿಗೆ ಉಜ್ಜಿದರು. ಫೈಲ್ ಕಚ್ಚಿತು, ಕರಿ ಪುಡಿ ಉದುರಿತು. ‘ಟಕ್’ ಅಂದ ರಾಶಿಯಿಂದ ಇನ್ನೊಂದು ತಂದು ಅಲ್ಲೇ ಉಜ್ಜಿದರು. ಫೈಲ್ ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಗೆರೆ ಕೂಡ ಬೀಳಲಿಲ್ಲ.

ನೀವು ಓದಿದ್ದೀರಿ. ಬೀಡಿನಲ್ಲಿ ಕಾರ್ಬನ್ ಗ್ರಾಫೈಟ್ ಆಗಿ ಬಿಡಿಸಿಕೊಂಡರೆ ಅದು ಬೂದು ಬೀಡು, ಮೆದು. ಬೇಗ ತಣ್ಣಗಾದರೆ ಕಾರ್ಬನ್ ಕಬ್ಬಿಣದ ಜೊತೆಯೇ ಕೂಡಿ ಕಾರ್ಬೈಡ್ ಆಗಿ ಉಳಿಯುತ್ತದೆ, ಅದು ಬಿಳಿ ಬೀಡು, ಕಲ್ಲಿನಂಥದು. ಫೌಂಡ್ರಿಯವರು ಇದನ್ನು ಚಿಲ್ ಅನ್ನುತ್ತಾರೆ. ಪರೀಕ್ಷೆಗೆ ಚಿತ್ರ ಸಮೇತ ನಾನೂ ಬರೆದಿದ್ದೆ, ನಂಬರೂ ಬಂದಿತ್ತು. ಫೈಲ್ ಜಾರಿದ್ದನ್ನು ಕಂಡ ಮೇಲೇ ಅದು ನನಗೆ ಅರ್ಥವಾಗಿದ್ದು.

ಕಾಕಾ ನನ್ನನ್ನು ಪಕ್ಕದ ಫೌಂಡ್ರಿಗೂ ಕರೆದುಕೊಂಡು ಹೋದರು. ಅಲ್ಲಿನ ಮೇಸ್ತ್ರಿ ಹೇಳಿದ್ದು: ಕರಗಿದ ಬೀಡಿಗೆ ಫೆರೋಸಿಲಿಕಾನ್ ಇನಾಕ್ಯುಲೆಂಟ್ ಹಾಕುತ್ತೇವೆ, ಗ್ರಾಫೈಟ್ ಚೆನ್ನಾಗಿ ಬಿಡಿಸಿಕೊಳ್ಳಲಿ ಅಂತ. ಅದರ ಗುಣ ಇರುವುದು ಕೆಲವೇ ನಿಮಿಷ. ಲೇಡಲ್ (ಕರಗಿದ ಬೀಡು ಹೊಯ್ಯುವ ಪಾತ್ರೆ) ಖಾಲಿಯಾಗುತ್ತಾ ಬಂದ ಹಾಗೆ ಲೋಹವೂ ತಣ್ಣಗಾಗಿರುತ್ತದೆ, ಇನಾಕ್ಯುಲೆಂಟಿನ ಶಕ್ತಿಯೂ ಇಳಿದಿರುತ್ತದೆ. ಕೊನೆಗೆ ಹೊಯ್ದ ಅಚ್ಚುಗಳಲ್ಲಿ ತೆಳು ಅಂಚುಗಳು ಬಿಳಿಯಾಗುತ್ತವೆ. ಅಂದರೆ ನಾನು ಟ್ರಯಲ್‌ಗೆ ತಗೊಂಡ ಹತ್ತೂ ಜಾಬ್ ಒಂದೇ ಹೀಟಿನ, ಅಂದರೆ ಒಂದೇ ಸಲ ಕರಗಿಸಿದ ಬೀಡಿನ, ಮೊದಲ ಅಚ್ಚುಗಳು! ಅವು ಯಾವ ರಾಶಿಯವು ಅಂತ ನಾನು ಕೇಳಿರಲಿಲ್ಲ. 60 ಅಂತ ಬರೆದು ಸಹಿ ಹಾಕಿದ್ದು ನಾನು. ಕಾಕಾ ಅದನ್ನು ಬಿಡಿಸಿ ಹೇಳಿದರು: “ತಪ್ಪು ಟಿಪ್ಪಿಂದಲ್ಲ. ಆದ್ರ ನಿಂದೂ ಐತಿ.” ಬೈದ ದನಿಯಲ್ಲ ಅದು. ಹಾಗಾಗಿ ಇನ್ನೂ ಕಿವಿಯಲ್ಲಿದೆ.

ಈಗ ಹೇಳಿ, ಟಿಪ್ ನೋಡಿದವರು. ಏನು ಕಂಡಿತು? ...ಹೌದು, ಅವರು ಹೇಳಿದ್ದು ಸರಿ. ನಾಲ್ಕೂ ಮೂಲೆ ಒಂದೇ ಜಾಗದಲ್ಲಿ ಒಡೆದಿವೆ. ಮೂಗಿನ ತುದಿ ಚೆನ್ನಾಗಿದೆ, ಅದರಿಂದ ಎರಡು ಮಿಲಿಮೀಟರ್ ಆಚೆ ಚಕ್ಕೆ ಎದ್ದಿದೆ. ಎರಡು ಮಿಲಿಮೀಟರ್ ಅಂದರೆ ಕಟ್‌ನ ಆಳ, ಅಂದರೆ ಕಾಸ್ಟಿಂಗಿನ ಹೊರಚರ್ಮ ಅಂಚಿಗೆ ತಾಗುವ ಗೆರೆ. ಟಿಪ್ ಕಳಪೆಯಾಗಿದ್ದರೆ ಎಲ್ಲೆಲ್ಲೋ ಒಡೆಯುತ್ತಿತ್ತು. ನಾಲ್ಕು ಸಲವೂ ಅಲ್ಲೇ ಒಡೆದಿದೆ ಅಂದರೆ ಅಲ್ಲಿ ಏನೋ ಹೊಡೆಯುತ್ತಿದೆ. ನೀವು ಐದು ನಿಮಿಷದಲ್ಲಿ ಕಂಡಿರಿ. ನಾನು ಆ ಟಿಪ್ಪನ್ನು ಒಂದಿಡೀ ದಿನ ಕೈಯಲ್ಲಿ ಹಿಡಿದು ತಿರುಗಿದ್ದೆ.

ಕೊನೆಗೆ ಮಾಡಿದ್ದು ಇಷ್ಟು. ಸ್ವಲ್ಪ ಮೆದುವಾದ, ಪೆಟ್ಟು ತಡೆಯುವ ಗ್ರೇಡ್ ಕೊಟ್ಟೆವು, ಬೆಲೆ ಅಷ್ಟೇ. ಪ್ರೋಗ್ರಾಮಿನಲ್ಲಿ ಒಳಹೋಗುವ ಮೊದಲ ಮೂರು ಮಿಲಿಮೀಟರಿಗೆ ಫೀಡ್ ಅರ್ಧ ಮಾಡಿದೆವು. ಫೌಂಡ್ರಿಯವರು ಕೊನೆಯ ಅಚ್ಚುಗಳಿಗೆ ಸುಣ್ಣದ ಗುರುತು ಹಾಕಿ ಬೇರೆ ಇಡುವುದಕ್ಕೆ ಒಪ್ಪಿದರು. ಮೂಲೆಗೆ 60 ಬರಲಿಲ್ಲ, 45ರ ಆಸುಪಾಸು ನಿಂತಿತು. ಹೊಸ ರಿಪೋರ್ಟಿನಲ್ಲಿ ಅದನ್ನೇ ಬರೆದೆ. ಬಿಲ್ ಪಾಸಾಯಿತು.

ಅವತ್ತಿನಿಂದ ಯಾವ ಶಾಪಿಗೆ ಹೋದರೂ ಮೊದಲು ಕೇಳುತ್ತಿದ್ದದ್ದು ಹಳೆ ಟಿಪ್‌ಗಳ ಡಬ್ಬಿಯನ್ನು. ಪ್ರತಿ ಶಾಪಿನಲ್ಲೂ ಇರುತ್ತದೆ, ಬಣ್ಣದ ಡಬ್ಬ ಅಥವಾ ಎಣ್ಣೆ ಕ್ಯಾನು ಕತ್ತರಿಸಿದ್ದು. ಸವೆದ ಕಾರ್ಬೈಡ್ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ, ಒಳ್ಳೆಯ ರೇಟೂ ಇದೆ. ಆ ಡಬ್ಬಿಯಲ್ಲಿ ಆ ಶಾಪಿನ ಮೂರು ತಿಂಗಳ ದಿನಚರಿ ಇರುತ್ತದೆ. ಅಂಚು ನಯವಾಗಿ ಸವೆದಿದ್ದರೆ ಎಲ್ಲ ನೆಟ್ಟಗಿದೆ ಅಂತ. ಅಂಚಿಗೆ ಲೋಹ ಮೆತ್ತಿಕೊಂಡಿದ್ದರೆ ಸ್ಪೀಡ್ ಸಾಲುತ್ತಿಲ್ಲ. ಅಡ್ಡಕ್ಕೆ ಸಣ್ಣ ಸಣ್ಣ ಬಿರುಕು ಇದ್ದರೆ ಕೂಲಂಟ್ (ಟಿಪ್ ತಣ್ಣಗಿಡುವ ದ್ರವ) ಒಮ್ಮೆ ಬಿದ್ದು ಒಮ್ಮೆ ನಿಲ್ಲುತ್ತಿದೆ. ಇದನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಪುರುಸೊತ್ತೂ ಅವರಿಗಿಲ್ಲ.

ಒಂದು ಕಡೆ ಡಬ್ಬಿಯಿಂದ ಒಂದು ಹಿಡಿ ಟಿಪ್ ತೆಗೆದು ಮೇಜಿನ ಮೇಲೆ ಹರಡಿದೆ. ಅವುಗಳಲ್ಲಿ ಐದಾರು ಟಿಪ್‌ಗಳ ಒಂದೊಂದು ಮೂಲೆ ಮುಟ್ಟಿಯೇ ಇರಲಿಲ್ಲ. ಶಿಫ್ಟ್ ಬದಲಾಗುವಾಗ ಯಾವ ಮೂಲೆ ಬಳಸಿದ್ದು ಅಂತ ಗೊತ್ತಾಗದೆ, ಬಂದವರು ಹೊಸದು ಹಾಕಿ ಹಳೆಯದನ್ನು ಡಬ್ಬಿಗೆ ಎಸೆಯುತ್ತಿದ್ದರು. ಬಳಸಿದ ಮೂಲೆಗೆ ಮಾರ್ಕರಿನಲ್ಲಿ ಒಂದು ಚುಕ್ಕೆ ಇಡಿ ಅಂತ ಮಾಲೀಕರಿಗೆ ಹೇಳಿದೆ. ನಮ್ಮ ಆಫೀಸಿನಲ್ಲಿ ಒಬ್ಬರು ಕೇಳಿದರು, ನಿನ್ನ ಮಾರಾಟ ನೀನೇ ಕಡಿಮೆ ಮಾಡ್ಕೋತೀಯಲ್ಲ? ನಿಜ, ಆ ತಿಂಗಳು ಅಲ್ಲಿಂದ ಬಂದ ಆರ್ಡರ್ ಚಿಕ್ಕದು. ಆದರೆ ಆಮೇಲೆ ಆ ಶಾಪಿನ ಗೇಟಿನಲ್ಲಿ ನನ್ನನ್ನು ಕಾಯಿಸಲಿಲ್ಲ. ಹೊಸ ಜಾಬ್ ಬಂದಾಗ ಡ್ರಾಯಿಂಗ್ ಮೊದಲು ನನ್ನ ಫೋನಿಗೆ ಬರುತ್ತಿತ್ತು. ನನ್ನ ಮಟ್ಟಿಗೆ ಅದು ಸರಿಯಾದ ಕೆಲಸ, ಇವತ್ತೂ ಹಾಗೇ ಮಾಡುತ್ತೇನೆ.

ಮಧ್ಯೆ ಜನವರಿಯಲ್ಲಿ ಒಂದು ವಾರ ಬೆಂಗಳೂರಿನ ಇಮ್‌ಟೆಕ್ಸ್ ಎಂಬ ಮಷೀನ್ ಟೂಲ್ ಪ್ರದರ್ಶನಕ್ಕೆ ಕಳಿಸಿದರು. ಮಾದಾವರದವರೆಗೆ ಮೆಟ್ರೊ ಅದಕ್ಕೆ ಎರಡು ತಿಂಗಳ ಮುಂಚೆಯಷ್ಟೇ ಶುರುವಾಗಿತ್ತು, ಇಳಿದರೆ ಪ್ರದರ್ಶನದ ಬಾಗಿಲಿಗೇ. ನಿಮ್ಮಲ್ಲಿ ಹೋಗದವರು ಮುಂದಿನ ಸಲ ಖಂಡಿತ ಹೋಗಿ. ಫೆಬ್ರುವರಿಯಲ್ಲಿ ಚೀನಾ ಟಂಗ್‌ಸ್ಟನ್ ರಫ್ತಿನ ಮೇಲೆ ನಿಯಂತ್ರಣ ಹಾಕಿತು. ಜಗತ್ತಿನ ಟಂಗ್‌ಸ್ಟನ್‌ನಲ್ಲಿ ಬಹುಪಾಲು ಅಲ್ಲಿಂದಲೇ ಬರುವುದು. ಬೀಜಿಂಗ್‌ನ ಒಂದು ಆದೇಶದ ಮಾತು ಕೆಲವೇ ದಿನದಲ್ಲಿ ಗೋಕುಲ ರೋಡಿನ ಚಹಾದಂಗಡಿಯಲ್ಲಿ, “ಮೇಡಂ, ರೇಟ್ ಏರ್ತೈತೇನ್ರಿ?” ಅನ್ನುವ ಪ್ರಶ್ನೆಯಾಗಿ ನನ್ನ ಎದುರಿಗೆ ನಿಂತಿತ್ತು.

ದುಡ್ಡಿನ ವಿಷಯವೂ ಹೇಳಬೇಕು. ಟಿಪ್ ಮಾರುವುದಕ್ಕಿಂತ ಬಿಲ್ ವಸೂಲಿ ಕಷ್ಟ. ಮೊದಮೊದಲು ದುಡ್ಡು ಕೊಡದವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ಅವರಿಗೇ ದೊಡ್ಡ ಕಂಪನಿಗಳಿಂದ ಮೂರು ತಿಂಗಳಾದರೂ ಬಂದಿರುವುದಿಲ್ಲ. ಸಣ್ಣ ಕೈಗಾರಿಕೆಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಕೇಳುವುದಕ್ಕೆ ಹೋದರೆ ಮುಂದಿನ ಆರ್ಡರ್ ಹೋಗುತ್ತದೆ ಅನ್ನುವ ಭಯ ಅವರಿಗೆ. ಈ ಸರಪಳಿಯ ಕೊನೆಯ ಕೊಂಡಿಯಲ್ಲಿ ನಿಂತು ನೋಡಿದ ಮೇಲೆ, ಪೇಮೆಂಟ್ ತಡ ಮಾಡುವ ದೊಡ್ಡವರ ಬಗ್ಗೆ ನನಗೆ ಗೌರವ ಕಡಿಮೆಯಾಗಿದೆ.

ಇನ್ನೊಂದು ವಿಷಯ, ಇಲ್ಲಿರುವ ಹುಡುಗಿಯರಿಗೆ, ಹುಡುಗರೂ ಕೇಳಿಸಿಕೊಳ್ಳಲಿ. ಸಣ್ಣ ಶಾಪ್‌ಗಳಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಬೇರೆ ಬೇರೆ ಇರಬೇಕು ಅನ್ನುತ್ತಿತ್ತು, ಆದರೆ ಕರೆಂಟಿನ ಮೇಲೆ ನಡೆಯುವ ಶಾಪಿನಲ್ಲಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಆ ಕಾಯ್ದೆಯೇ ಸಾಮಾನ್ಯವಾಗಿ ಅನ್ವಯಿಸುತ್ತಿರಲಿಲ್ಲ. ನಾನು ಹೋಗುತ್ತಿದ್ದ ಬಹುತೇಕ ಶಾಪ್ ಅಂಥವೇ. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆವರೆಗೆ ನೀರು ಕುಡಿಯದೆ ಇರುತ್ತಿದ್ದೆ. ಅಕ್ಟೋಬರಿನಲ್ಲಿ ಮೂತ್ರದ ಸೋಂಕಾಗಿ ಜ್ವರ ಬಂದು ಒಂಬತ್ತು ದಿನ ಮಲಗಿದೆ. ಡಾಕ್ಟರು ಬೈದ ಮೇಲೆ ದಾರಿಯ ನಕ್ಷೆಯನ್ನೇ ಬದಲಿಸಿದೆ. ಯಾವ ಪೆಟ್ರೋಲ್ ಬಂಕ್ ಚೊಕ್ಕಟವಾಗಿದೆ, ಯಾವ ದೊಡ್ಡ ಕಾರ್ಖಾನೆಯಲ್ಲಿ ಲೇಡೀಸ್ ಟಾಯ್ಲೆಟ್ ಇದೆ ಅಂತ ಬರೆದಿಟ್ಟು, ಅದಕ್ಕೆ ಹೊಂದಿಸಿ ಭೇಟಿಗಳನ್ನು ಜೋಡಿಸಿದೆ. ಆ ಪಟ್ಟಿಯನ್ನು ಈ ವರ್ಷ ಅಲ್ಲಿಗೆ ಹೋದ ಹುಡುಗಿಗೆ ಕೊಟ್ಟಿದ್ದೇನೆ. ಇದನ್ನು ಹುಡುಗಿಯರು ಸಹಿಸಿಕೊಳ್ಳಬೇಕಾದ ವಿಷಯ ಅಂತ ನಾನು ಹೇಳುತ್ತಿಲ್ಲ. ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರುಗಳು ಇಲ್ಲಿದ್ದೀರಿ. ಕಂಪನಿಯವರು ಬಂದಾಗ ಸ್ಟೈಪೆಂಡ್ ಎಷ್ಟು ಅಂತ ಕೇಳುವ ಹಾಗೆಯೇ ಇದನ್ನೂ ದಯವಿಟ್ಟು ಕೇಳಿ.

“ಒಬ್ರ ಬಂದೀರೇನು? ಸರ್ ಬರ್ಲಿಲ್ಲೇನು?” ಅಂತ ಹೊಸ ಶಾಪಿನಲ್ಲೆಲ್ಲ ಕೇಳುತ್ತಿದ್ದರು. ನಾನು ಅದಕ್ಕೆ ಉತ್ತರ ಕೊಡುವುದನ್ನು ಬಿಟ್ಟೆ. ಡಬ್ಬಿ ಎಲ್ಲಿದೆ ಅಂತ ಕೇಳುತ್ತಿದ್ದೆ. ಹತ್ತು ನಿಮಿಷ ಡಬ್ಬಿ ಕೆದಕಿ, “ಈ ಮಷೀನಿನಲ್ಲಿ ಕೂಲಂಟ್ ಪೈಪ್ ಅಲುಗಾಡ್ತಾ ಇದೆಯಾ?” ಅಂದರೆ ಸಾಕು, ಸರ್ ಎಲ್ಲಿ ಅನ್ನುವ ಮಾತು ಮತ್ತೆ ಬರುತ್ತಿರಲಿಲ್ಲ.

ಮುಂದಿನ ವಾರ ನಿಮ್ಮ ಪಟ್ಟಿ ಬರುತ್ತದೆ. ಅದರಲ್ಲಿ ಸೇಲ್ಸ್ ಅಂತ ಬಂದವರು ಬದಲಿಸಿಕೊಡಿ ಅಂತ ಆಫೀಸಿಗೆ ಓಡುವ ಮುಂಚೆ ನನಗೊಂದು ಫೋನ್ ಮಾಡಿ. ನಂಬರ್ ಮೇಷ್ಟ್ರ ಹತ್ತಿರ ಇದೆ.

ಚಹಾ ಆದ ಮೇಲೆ ನಾನು ವರ್ಕ್‌ಶಾಪಿನಲ್ಲಿ ಕಿಟಕಿ ಪಕ್ಕದ ಲೇತಿನ ಹತ್ತಿರ ಇರುತ್ತೇನೆ. 50 ಮಿಲಿಮೀಟರ್ ವ್ಯಾಸದ ಎಂಎಸ್ (ಮೆದು ಉಕ್ಕಿನ) ಬಾರ್ ಹಾಕಿಸಿದ್ದೇನೆ. ನಿಮಿಷಕ್ಕೆ ನೂರು ಮೀಟರ್ ಕಟಿಂಗ್ ಸ್ಪೀಡ್ ಬೇಕಾದರೆ ಆರ್‌ಪಿಎಂ ಎಷ್ಟು ಇಡಬೇಕು ಅಂತ ಬರುವಾಗ ಲೆಕ್ಕ ಮಾಡಿಕೊಂಡು ಬನ್ನಿ. ಮೊದಲು ಅದರ ಅರ್ಧ ಸ್ಪೀಡಿನಲ್ಲಿ ಓಡಿಸೋಣ, ಆಮೇಲೆ ಪೂರ್ತಿ. ಎರಡೂ ಸಲ ಬಿದ್ದ ಚಿಪ್ ಎತ್ತಿಕೊಂಡು ಬಣ್ಣ ನೋಡೋಣ. ಬರಿಗೈಯಲ್ಲಿ ಮುಟ್ಟಬೇಡಿ, ಇಕ್ಕಳ ತಂದಿದ್ದೇನೆ. ಆ ಟಿಪ್ಪನ್ನೂ ಭೂತಗನ್ನಡಿಯನ್ನೂ ಮರೆಯದೆ ಅಲ್ಲಿಗೆ ತನ್ನಿ.